ಕಾಡುಕುದುರೆಯ ಆರನೆಯ ತಲೆಮಾರು

ಊರಿಗೊಂದು ಕಾರು ಬಂದರೆ ಊರೆಲ್ಲ ನೆರೆಯುತ್ತಿದ್ದ ಕಾಲ ಎಂದೋ ಮುಗಿಯಿತು. ಹಳೇಬೀಡಿನ ನೆರೆಯ ಹುಲಿಕೆರೆಗಂತೂ ಕಾರು ಹೊಸದಲ್ಲ. ಹಳೇಬೀಡಿನ ದೇವಾಲಯವನ್ನು ನೋಡಿಯೂ ಹಸಿವು ಹಿಂಗದ ಪ್ರವಾಸಿಗರು ಹೊಯ್ಸಳರ ಕಾಲದ ಪುಷ್ಕರಣಿಯನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಲೇ ಇರುತ್ತಾರೆ. ಮೆಟ್ಟಿಲಿಳಿದು, ಸುತ್ತಲಿನ ಪುಟ್ಟ ಪುಟ್ಟ ಗುಡಿಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಊರಿನವರು ತಲೆಯೆತ್ತಿ ನೋಡುವುದೂ ಇಲ್ಲ. ಆದರೆ 2017ರ ಚಳಿಗಾಲದ ಒಂದು ಭಾನುವಾರ ಬಂದ ಕೆಂಪು ಕಾರನ್ನು ಮಾತ್ರ ಊರು ಮರೆತಿಲ್ಲ. ಅದು ಅಂದವಾಗಿತ್ತೆಂಬುದು ಕಾರಣವಲ್ಲ; ಅದು ಶಾಲೆಯ ಮುಂದಿನ ಹಂಪನ್ನು ದಾಟಲಾರದೆ ನಿಂತುಬಿಟ್ಟಿತ್ತು.

ಆ ಹಂಪನ್ನು ಯಾವ ಇಲಾಖೆಯೂ ಹಾಕಿದ್ದಲ್ಲ. ಮಕ್ಕಳು ಓಡಾಡುವ ಜಾಗವೆಂದು ಊರವರೇ ಕಲ್ಲುಮಣ್ಣು ಪೇರಿಸಿ, ಮೇಲೊಂದಿಷ್ಟು ಸಿಮೆಂಟು ಬಳಿದಿದ್ದರು. ಬಸ್ಸು, ಟ್ರ್ಯಾಕ್ಟರು, ಎತ್ತಿನ ಗಾಡಿ ಎಲ್ಲವೂ ಅದನ್ನು ಏರಿ ಇಳಿಯುತ್ತಿದ್ದವು. ಎಂಟು ಸಿಲಿಂಡರುಗಳ, ನಾನೂರು ಕುದುರೆಗಳ ಬಲದ ಈ ಅಮೆರಿಕದ ವಾಹನ ಮಾತ್ರ ಮೂತಿಯನ್ನು ಹಂಪಿನ ಬುಡಕ್ಕೆ ಹಚ್ಚಿ ಗುಡುಗುಡು ಎನ್ನುತ್ತ ನಿಂತಿತು. ಯಜಮಾನರು ಇಳಿದರು, ಅವರ ಪತ್ನಿ ಇಳಿದರು, ಹಿಂದಿನ ಇಕ್ಕಟ್ಟು ಸೀಟಿನಿಂದ ಎರಡು ಮಕ್ಕಳು ಮೈಮುರಿಯುತ್ತ ಹೊರಬಂದವು. ನೆಲಕ್ಕೂ ಕಾರಿನ ಹೊಟ್ಟೆಗೂ ನಡುವೆ ಇದ್ದ ಅಂತರ 13–14 ಸೆಂಟಿಮೀಟರು. ಒಂದು ಗೇಣೂ ಇಲ್ಲ.

ಕಟ್ಟೆಯ ಮೇಲೆ ಕುಳಿತಿದ್ದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಅವರ ನಡುವೆ ನಿವೃತ್ತ ಕನ್ನಡ ಮೇಷ್ಟ್ರೂ ಇದ್ದರು. ಅವರು ಸಲಹೆ ಕೊಡುವ ಮೊದಲೇ ಅವರ ಹದಿನಾಲ್ಕು ವರ್ಷದ ಮೊಮ್ಮಗ ಹೋಗಿ, ಒಗೆದ ಅಂಗಿಯ ಪರಿವೆಯೂ ಇಲ್ಲದೆ, ರಸ್ತೆಯ ಮೇಲೆ ಬೋರಲು ಮಲಗಿ ಕಾರಿನ ಅಡಿಗೆ ಕಣ್ಣು ಹಾಯಿಸಿದ್ದ.

‘ಓರೆಯಾಗಿ ತನ್ನಿ ಸಾರ್. ಒಂದು ಗಾಲಿ ಮೊದಲು ಏರಲಿ. ಇನ್ನೂ ಎರಡು ಬೆರಳು ಜಾಗ ಇದೆ, ಬನ್ನಿ, ಬನ್ನಿ!’

ಕಾರು ದಾಟಿತು. ಯಜಮಾನರು ಕೊಡಬಂದ ನೋಟನ್ನು ಹುಡುಗ ಮುಟ್ಟಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗ ಅವನು ಹೇಳಿದ್ದು ಒಂದೇ ಮಾತು: ‘ತಾತ, ಆ ಕಾರಿಗೆ ಹಿಂದೆ ಅಚ್ಚೇ ಇಲ್ಲ.’

ಮೇಷ್ಟ್ರಿಗೆ ಆಗ ಅದು ಹುಡುಗುಮಾತಾಗಿ ಕೇಳಿಸಿತು. ನಿಜದಲ್ಲಿ ಆ ಕಾರಿನ ಐವತ್ತು ವರ್ಷಗಳ ಚರಿತ್ರೆಯ ಸಾರವನ್ನೇ ಅವನು ರಸ್ತೆಯ ಮೇಲೆ ಮಲಗಿ ಕಂಡುಕೊಂಡಿದ್ದ.

ಫೋರ್ಡ್ ಕಂಪನಿಯ ಮಸ್ಟಾಂಗ್ ಮೊದಲು ಜನರೆದುರು ಬಂದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವಮೇಳದಲ್ಲಿ. ಮಸ್ಟಾಂಗ್ ಎಂದರೆ ಅಮೆರಿಕದ ಬಯಲುಗಳ ಕಾಡುಕುದುರೆ. ಕಾರಿನ ಮೂತಿಯ ಮೇಲೆ ಇಂದಿಗೂ ಅದೇ ಕುದುರೆ ಎಡಕ್ಕೆ ಓಡುತ್ತಿದೆ. ಉದ್ದ ಮೂತಿ, ಚಿಕ್ಕ ಹಿಂಭಾಗ, ಹೊಸದಾಗಿ ಸಂಬಳ ಕಾಣತೊಡಗಿದ ತರುಣನಿಗೂ ಎಟುಕುವ ಬೆಲೆ: ಈ ಮೂರರಿಂದಲೇ ಅದು ಗೆದ್ದಿತು. ಆದರೆ ಹಿಂದಿನ ಎರಡು ಗಾಲಿಗಳನ್ನು ಜೋಡಿಸಿದ್ದು ಗಟ್ಟಿಯಾದ ಒಂದೇ ಅಚ್ಚು, ನಮ್ಮ ಎತ್ತಿನ ಗಾಡಿಯದರ ಹಾಗೆ. ಗಾಡಿಯ ಒಂದು ಗಾಲಿ ಕಲ್ಲು ಹತ್ತಿದರೆ ಇನ್ನೊಂದು ಗಾಲಿಯೂ ವಾಲುತ್ತದೆಂಬುದನ್ನು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ನೇರ ದಾರಿಯಲ್ಲಿ ಅಂಥ ಅಚ್ಚು ಗಟ್ಟಿ, ಅಗ್ಗ, ನಂಬಿಗಸ್ತ. ತಿರುವಿನಲ್ಲಿ ಮಾತ್ರ ಹಟಮಾರಿ. ನಡುವೆ ಕೆಲವೇ ವಿಶೇಷ ಮಾದರಿಗಳನ್ನು ಬಿಟ್ಟರೆ, ಐದು ತಲೆಮಾರುಗಳ ತನಕ ಈ ಕುದುರೆ ಗಾಡಿಯ ಅಚ್ಚಿನ ಮೇಲೆಯೇ ಓಡಿತು.

2013ರ ಡಿಸೆಂಬರಿನಲ್ಲಿ ತೆರೆ ಸರಿಸಿದ ಆರನೆಯ ತಲೆಮಾರು ಆ ಅಚ್ಚನ್ನು ಕಳಚಿಹಾಕಿತು. ಹಿಂದಿನ ಗಾಲಿಗಳೆರಡೂ ತಮ್ಮ ತಮ್ಮ ನೆಲವನ್ನು ತಾವೇ ನೋಡಿಕೊಳ್ಳುವ ಏರ್ಪಾಡು ಎಲ್ಲ ಮಾದರಿಗಳಿಗೂ ಬಂತು. ಅಷ್ಟೇ ಅಲ್ಲ, ಕಾರ್ಖಾನೆಯಿಂದಲೇ ಸ್ಟೀರಿಂಗ್ ಚಕ್ರವನ್ನು ಬಲಕ್ಕೆ ಇಟ್ಟುಕೊಂಡು ಹೊರಟ ಮೊದಲ ಮಸ್ಟಾಂಗ್ ಇದೇ. ಆ ಕಾರಣದಿಂದಲೇ 2016ರಲ್ಲಿ ಅದು ಭಾರತಕ್ಕೆ ಅಧಿಕೃತವಾಗಿ ಕಾಲಿಡುವುದು ಸಾಧ್ಯವಾಯಿತು. ಐದು ಲೀಟರಿನ ಎಂಜಿನ್ನು. ಬೆಲೆ, ದೆಹಲಿಯ ಅಂಗಡಿಯಲ್ಲಿ, 65 ಲಕ್ಷ ರೂಪಾಯಿ. ಅಮೆರಿಕದಲ್ಲಿ ತರುಣ ಗುಮಾಸ್ತನಿಗೆಂದು ಹುಟ್ಟಿದ್ದು ಇಲ್ಲಿಗೆ ಬರುವಷ್ಟರಲ್ಲಿ ಶ್ರೀಮಂತರ ಮನೆಯ ಅಳಿಯನಾಗಿತ್ತು. ಇರಲಿ. ಅಚ್ಚು ಹೋದ ಮೇಲೂ ಅದಕ್ಕೆ ಹುಲಿಕೆರೆಯ ಹಂಪನ್ನು ಏರಲು ಒಬ್ಬ ಹುಡುಗನ ನೆರವು ಬೇಕಾಯಿತು.

ಎಂಟು ವರ್ಷ ಕಳೆಯಿತು. 2025ರಲ್ಲಿ ಹುಡುಗ ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಮನೆಗೆ ಬಂದ. ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರ ನೇಮಕಪತ್ರ. ಇನ್ನೊಂದು, ಕೊಯಮತ್ತೂರಿನಲ್ಲಿ ಪಂದ್ಯದ ಕಾರುಗಳನ್ನು ಕಟ್ಟುವ ಒಂದು ಕಾರ್ಯಾಗಾರದ ಪತ್ರ. ಮೊದಲನೆಯದರಲ್ಲಿ ಸಂಬಳವಿತ್ತು. ಎರಡನೆಯದರಲ್ಲಿ ಇದ್ದದ್ದು ತಿಂಗಳಿಗೆ ಹನ್ನೆರಡು ಸಾವಿರದ ಭತ್ಯೆ, ಅದೂ ಒಂದು ವರ್ಷ ಕಲಿಯುವವನಾಗಿ. ಓದಿಗೆಂದು ಬ್ಯಾಂಕಿನಿಂದ ತಂದ ಸಾಲದ ಕಂತು ಒಂಬತ್ತು ಸಾವಿರ. ಹುಡುಗ ಎರಡನೆಯ ಕಾಗದವನ್ನೇ ಹಿಡಿದು ಕುಳಿತ.

ಹುಡುಗನ ತಂದೆ ಮಾತಿನ ಮನುಷ್ಯನಲ್ಲ. ಎರಡು ದಿನ ತೋಟದಲ್ಲೇ ಹೊತ್ತು ಕಳೆದು, ಮೂರನೆಯ ದಿನ ಮೇಷ್ಟ್ರ ಬಳಿ ಬಂದು ನಿಂತ.

‘ಅಪ್ಪ, ನೀವೊಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾನೆ. ತೆಂಗಿನ ಮರ ನಂಬ್ಕೊಂಡು ಈ ಸಾಲ ತೀರಲ್ಲ.’

ಹೀಗೆ ಮೇಷ್ಟ್ರು ಮೊಮ್ಮಗನ ಮನಸ್ಸನ್ನು ತಿರುಗಿಸುವ ಕೆಲಸಕ್ಕೆ ನೇಮಕಗೊಂಡರು. ಮೂವತ್ತೈದು ವರ್ಷ ಪಾಠ ಹೇಳಿದವರು. ಬೈದು ತಿದ್ದುವುದಕ್ಕಿಂತ ಕೇಳಿ ತಿದ್ದುವುದು ಮೇಲೆಂದು ಬಲ್ಲವರು. ರಾತ್ರಿ ಜಗುಲಿಯ ಮೇಲೆ ಹುಡುಗನನ್ನು ಕೂರಿಸಿಕೊಂಡು, ‘ಏನೋ ಅದು, ಅಷ್ಟು ದೊಡ್ಡ ವಿದ್ಯೆ? ನನಗೂ ತಿಳಿಯುವ ಹಾಗೆ ಹೇಳು’ ಎಂದರು.

ಹುಡುಗ ತಾನು ಕಂಡ ಆ ಕೆಂಪು ಕಾರಿನಿಂದಲೇ ಆರಂಭಿಸಿದ. ಅದೇ ತಲೆಮಾರಿನಲ್ಲಿ ಶೆಲ್ಬಿ ಜಿಟಿ350 ಎಂಬ ಕವಲು; ಅದರಲ್ಲೂ ‘ಆರ್’ ಎಂಬ ಅಕ್ಷರ ಹೊತ್ತ ಇನ್ನೊಂದು, 2015ರಲ್ಲಿ ಬೆಳಕಿಗೆ ಬಂದದ್ದು. ರಸ್ತೆಯಲ್ಲೂ ಓಡಿಸಬಹುದು, ಪಂದ್ಯದ ಮೈದಾನಕ್ಕೂ ಹಾಗೆಯೇ ಒಯ್ಯಬಹುದು. ಹಿಂದಿನ ಸೀಟನ್ನು ಕಿತ್ತುಹಾಕಿದರು. ರೇಡಿಯೋ ತೆಗೆದರು. ತಂಪುಗಾಳಿಯ ಯಂತ್ರವನ್ನೂ ತೆಗೆದರು. ಗಾಲಿಗಳನ್ನು ಲೋಹಕ್ಕೆ ಬದಲಾಗಿ ಇಂಗಾಲದ ನೂಲಿನಿಂದ ಮಾಡಿ, ತೂಕವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು.

‘ಹಾಗಾದರೆ ಬೆಲೆಯೂ ಇಳಿದಿರಬೇಕು.’

‘ಇಲ್ಲ ತಾತ. ಹತ್ತು ಸಾವಿರ ಡಾಲರಿಗೂ ಮಿಕ್ಕಿ ಏರಿತು.’

ಮೇಷ್ಟ್ರು ನಕ್ಕರು. ಸಾಮಾನು ಕಡಿಮೆಯಾದಷ್ಟೂ ಬೆಲೆ ಹೆಚ್ಚುವ ವ್ಯಾಪಾರವನ್ನು ಅವರು ಅದುವರೆಗೆ ಮಠಗಳಲ್ಲಿ ಮಾತ್ರ ಕಂಡಿದ್ದರು.

ಶೆಲ್ಬಿ ಯಾರೆಂದು ಕೇಳಿದ್ದಕ್ಕೆ ಹುಡುಗನಿಗೆ ಉತ್ಸಾಹ ಬಂತು. ಕ್ಯಾರೊಲ್ ಶೆಲ್ಬಿ ಟೆಕ್ಸಾಸಿನವನು. ಕೋಳಿ ಸಾಕಿ ಬದುಕಬೇಕೆಂದಿದ್ದ. ಮೊದಲ ಸಲ ಲಾಭ ಬಂತು. ಮುಂದೆ ರೋಗ ಬಡಿದು ಕೋಳಿಗಳೆಲ್ಲ ಸತ್ತು ಅವನು ದಿವಾಳಿಯಾದ. ಬಳಿಕ ತೋಟದ ಕೆಲಸದ ಪಟ್ಟೆಪಟ್ಟೆ ಉಡುಪಿನಲ್ಲೇ ಕಾರು ಓಡಿಸಿ ಹೆಸರಾದ. 1959ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು, ಜೊತೆಗಾರನೊಡನೆ, ಗೆದ್ದ. ಹೃದಯರೋಗದಿಂದ ಓಡಿಸುವುದನ್ನು ಬಿಟ್ಟು ಕಟ್ಟುವುದಕ್ಕೆ ತೊಡಗಿದ. 1965ರಲ್ಲಿ ಮೊದಲ ಜಿಟಿ350 ಅವನ ಕಾರ್ಯಾಗಾರದಿಂದ ಬಂದದ್ದು.

ಹುಡುಗ ಈ ಕಥೆಯನ್ನು ಯಾವ ಉದ್ದೇಶದಿಂದ ಹೇಳಿದನೆಂಬುದು ಮೇಷ್ಟ್ರಿಗೆ ತಿಳಿಯದೆ ಇರಲಿಲ್ಲ.

‘ಕೋಳಿ ಸತ್ತ ಮೇಲೆ ಅವನಿಗೆ ಬೇರೆ ದಾರಿ ಇರಲಿಲ್ಲವೋ. ನಿನ್ನ ಕೋಳಿ ಬೆಂಗಳೂರಿನಲ್ಲಿ ಇನ್ನೂ ಜೀವಂತವಾಗಿದೆ.’

ಹುಡುಗ ತಲೆ ತಗ್ಗಿಸಿದ. ಮಾತು ಅಲ್ಲಿಗೇ ಮುಗಿಯಬಹುದಿತ್ತು. ತಂದೆಯ ಕೆಲಸ ಕೈಗೂಡಬಹುದಿತ್ತು. ಆದರೆ ಮೇಷ್ಟ್ರಿಗೆ ಎಂಟು ವರ್ಷಗಳಿಂದ ಕಿವಿಯಲ್ಲುಳಿದ ಒಂದು ಸಂದೇಹವಿತ್ತು. ಆ ಕಾರು ನಿಂತಲ್ಲೇ ಏಕೆ ಹಾಗೆ ಗುಡುಗುಡು ಎನ್ನುತ್ತಿತ್ತು? ಊರಿಗೆ ಬರುವ ಬೇರೆ ಕಾರುಗಳಿಗೆ ಆ ದನಿ ಇಲ್ಲ.

ಹುಡುಗ ಗೋಡೆಯ ಹಳೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು, ಹಿಂಬದಿಯಲ್ಲಿ ಬರೆಯತೊಡಗಿದ. ಎಂಜಿನ್ನಿನಲ್ಲಿ ಎಂಟು ಸಿಲಿಂಡರುಗಳು, ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು. ಒಂದೊಂದರಲ್ಲೂ ಸರದಿಯ ಮೇಲೆ ಕಿಡಿ ಹಾರಿ ಪೆಟ್ರೋಲು ಸಿಡಿಯುತ್ತದೆ. ಹುಲಿಕೆರೆಗೆ ಬಂದಿದ್ದ ಕಾರಿನಲ್ಲಿ ಸಿಡಿತದ ಸರದಿ ಹೀಗೆ:

ಬಲ ಎಡ ಬಲ ಎಡ ಎಡ ಬಲ ಎಡ ಬಲ

ಶೆಲ್ಬಿ ಜಿಟಿ350ರಲ್ಲಿ ಹೀಗೆ:

ಬಲ ಎಡ ಬಲ ಎಡ ಬಲ ಎಡ ಬಲ ಎಡ

‘ಸಿಲಿಂಡರುಗಳನ್ನು ತಿರುಗುವ ದಂಡಕ್ಕೆ ಜೋಡಿಸುವ ಮೊಣಕೈಗಳು ಮೊದಲನೆಯದರಲ್ಲಿ ಕೂಡಿಸುವ ಚಿಹ್ನೆಯ ಹಾಗೆ ನಾಲ್ಕು ದಿಕ್ಕಿಗಿವೆ ತಾತ. ಎರಡನೆಯದರಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿ, ಅರ್ಧ ಮೇಲೆ, ಅರ್ಧ ಕೆಳಗೆ. ಅದಕ್ಕೇ ಹೊಗೆ ಸರಾಗವಾಗಿ ಹೋಗುತ್ತದೆ, ದಂಡ ಹಗುರ, ನಿಮಿಷಕ್ಕೆ 8,250 ಸುತ್ತು ತಿರುಗುತ್ತದೆ. ನಡುಕ ಮಾತ್ರ ಹೆಚ್ಚು.’

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಹಾಳೆಯನ್ನು ದೀಪದ ಹತ್ತಿರ ಹಿಡಿದರು. ಲಘು ಗುರು ಗುರುತಿಸಿ ಗಣ ವಿಭಾಗಿಸಿದ ಕಣ್ಣು. ಅದಕ್ಕೆ ಎಂಟು ಪದಗಳ ಸಾಲು ಯಾವ ಲೆಕ್ಕ? ತೊಡೆಯ ಮೇಲೆ ಬೆರಳಿನಿಂದ ಎರಡು ಸಲ ತಾಳ ಹಾಕಿ ನೋಡಿದರು.

‘ನಡುವೆ ಎರಡು ಎಡ ಒಟ್ಟಿಗೆ ಬಿದ್ದಿವೆ.’

‘ಹೌದು ತಾತ, ಅಲ್ಲೇ ಆ ಗುಡುಗು.’

‘ಅಲ್ಲಿ ಮಾತ್ರವಲ್ಲವೋ. ಸಾಲು ಮುಗಿದು ಮತ್ತೆ ಮೊದಲಾಗುವಾಗ ನೋಡು: ಕೊನೆಯಲ್ಲಿ ಬಲ, ಮೊದಲಲ್ಲಿ ಬಲ. ಅಲ್ಲೂ ಎರಡು ಕೂಡುತ್ತವೆ. ಒಂದೇ ಸಾಲು ನೋಡಿ ಬಿಟ್ಟರೆ ಛಂದಸ್ಸು ತಿಳಿಯುವುದಿಲ್ಲ. ಮುಂದಿನ ಸಾಲಿಗೆ ಹಾಯಬೇಕು.’

ಹುಡುಗ ಹಾಳೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು ನೋಡಿದ. ಅವನು ಆ ಸರದಿಯನ್ನು ಬಾಯಿಪಾಠವಾಗಿ ಬಲ್ಲವನು. ಎರಡು ಪೀಳಿಗೆಯವರೂ ಬಹಳ ಹೊತ್ತು ತೊಡೆ ತಟ್ಟುತ್ತ ಕುಳಿತದ್ದನ್ನು ಒಳಗಿನಿಂದ ಕಂಡ ಅಜ್ಜಿಗೆ, ಗಂಡ ಹೋದ ಕೆಲಸವನ್ನು ಮರೆತನೆಂಬುದು ಆಗಲೇ ಗೊತ್ತಾಯಿತು.

ಅಲ್ಲಿಂದ ಮುಂದೆ ಮೇಷ್ಟ್ರು ಕೇಳಿದ ಪ್ರಶ್ನೆಗಳು ತಿದ್ದುವುದಕ್ಕಾಗಿ ಕೇಳಿದವಲ್ಲ. ಶೆಲ್ಬಿಯ ಆ ಎಂಜಿನ್ನನ್ನು ಮಿಷಿಗನ್ ಪ್ರಾಂತದ ರೋಮಿಯೋ ಎಂಬ ಊರಿನಲ್ಲಿ ಇಬ್ಬಿಬ್ಬರು ಕೆಲಸಗಾರರು ಕೂಡಿ ಕೈಯಿಂದ ಜೋಡಿಸುತ್ತಿದ್ದರೆಂದೂ, ಮುಗಿದ ಮೇಲೆ ತಮ್ಮಿಬ್ಬರ ಹೆಸರಿನ ಫಲಕವನ್ನು ಅದರ ಮೇಲೆ ಹಚ್ಚುತ್ತಿದ್ದರೆಂದೂ ಹುಡುಗ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೇವೆಯಲ್ಲಿದ್ದಷ್ಟು ವರ್ಷವೂ ಅವರು ಮಕ್ಕಳನ್ನು ಬೇಲೂರಿಗೆ ಕರೆದೊಯ್ದು, ಬಳ್ಳಿಗಾವೆಯ ದಾಸೋಜನ ಹೆಸರನ್ನೂ ಅವನ ಮಗ ಚಾವಣನ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿರುವುದನ್ನು ಮರೆಯದೆ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಬರುವುದು ವಿಷ್ಣುವರ್ಧನನ ಹೆಸರೊಂದೇ. ಈ ಎರಡು ಹೆಸರುಗಳಿಗೆ ಅಂಕವಿರಲಿಲ್ಲ. ಆದರೂ ಹೇಳುತ್ತಿದ್ದರು. ಹುಡುಗನೂ ಒಮ್ಮೆ ಅವರ ಕೈ ಹಿಡಿದು ಆ ಗುಂಪಿನಲ್ಲಿ ಬಂದಿದ್ದ.

ಪಂದ್ಯದ ಕವಲುಗಳ ವಿಷಯದಲ್ಲಿ ಮೇಷ್ಟ್ರು ಕಟುವಾದ ತೀರ್ಪುಗಾರರಾದರು. ಅಮೆರಿಕದ ನ್ಯಾಸ್ಕಾರ್ ಪಂದ್ಯದಲ್ಲಿ 2019ರಿಂದ ಮುಖ್ಯ ವಿಭಾಗದಲ್ಲೂ ಮಸ್ಟಾಂಗ್ ಓಡುತ್ತದೆ. ಆದರೆ ಅದು ಕೊಳವೆಗಳನ್ನು ಬೆಸೆದು ಕಟ್ಟಿದ ಬೇರೆಯೇ ಹಂದರ, ಬೇರೆಯೇ ಎಂಜಿನ್ನು. ಮಸ್ಟಾಂಗಿನದೆಂದರೆ ಮುಖಲಕ್ಷಣ ಮಾತ್ರ. ‘ಅದು ಸೋಗು’ ಎಂದು ತಳ್ಳಿಹಾಕಿದರು. ಆಸ್ಟ್ರೇಲಿಯದ ಸೂಪರ್‌ಕಾರ್ಸ್ ಪಂದ್ಯಮಾಲೆಯಲ್ಲಿ ಅದೇ 2019ರಲ್ಲಿ ಸ್ಕಾಟ್ ಮೆಕ್‌ಲಾಫ್ಲಿನ್ ಮಸ್ಟಾಂಗಿನಲ್ಲಿ ಚಾಂಪಿಯನ್ ಆದ, ಬಾಥರ್ಸ್ಟಿನ 1000 ಕಿಲೋಮೀಟರ್ ಓಟವನ್ನೂ ಗೆದ್ದ. ಅಲ್ಲಿಯೂ ಎಲ್ಲರಿಗೂ ಒಂದೇ ಬಗೆಯ ಹಂದರ, ಮೇಲೆ ಎಳೆದು ಹೊದಿಸಿದ ಮೈ. ಅದಕ್ಕೂ ಅವರ ಒಪ್ಪಿಗೆ ಸಿಗಲಿಲ್ಲ. 2016ರಲ್ಲಿ ಸ್ಕಾಟ್ ಮ್ಯಾಕ್ಸ್‌ವೆಲ್, ಬಿಲ್ಲಿ ಜಾನ್ಸನ್ ಎಂಬ ಜೋಡಿ ಅಮೆರಿಕದಲ್ಲಿ ಚಾಂಪಿಯನ್‌ಗಿರಿ ಗೆದ್ದ ಜಿಟಿ350 ಆರ್-ಸಿ ಎಂಬುದೂ, 2017ರಲ್ಲಿ ಡೇಟೋನಾದಲ್ಲಿ ಮೊದಲು ಓಡಿದ ಜಿಟಿ4 ಎಂಬುದೂ ಕಾರ್ಖಾನೆಯ ಕಾರಿನ ಮೈಯನ್ನೇ ಇಟ್ಟುಕೊಂಡವೆಂದು ತಿಳಿದಾಗ ಮಾತ್ರ, ‘ಇವು ಮನೆತನದವು’ ಎಂದರು. ಒಳಗೆ ಉಕ್ಕಿನ ಪಂಜರ, ಒಂದೇ ಆಸನ, ತೂಕ ಉಳಿಸಲು ಬರಿದಾದ ಬಾಗಿಲು. ಹೊರಗೆ ಅದೇ ಮೈಕಟ್ಟು.

ಜಿಟಿ4 ಪಂದ್ಯಗಳಲ್ಲಿ ಇನ್ನೊಂದು ವಿಚಿತ್ರವಿದೆ. ಬೇರೆ ಬೇರೆ ಕಂಪನಿಗಳ ಕಾರುಗಳು ಸರಿಸಮವಾಗಿ ಸೆಣಸಬೇಕೆಂದು, ಮುಂದಾಗುವ ಮಾದರಿಯ ಮೈಗೆ ಪಂದ್ಯದ ಅಧಿಕಾರಿಗಳು ತೂಕ ಏರಿಸುತ್ತಾರೆ. ಎಂಜಿನ್ನಿನ ಬಲವನ್ನೂ ಕಡಿಮೆ ಮಾಡುತ್ತಾರೆ. ಗೆದ್ದ ಕುದುರೆಯ ಬೆನ್ನಿಗೆ ಮೂಟೆ! ಹಬ್ಬದ ಎತ್ತಿನ ಗಾಡಿ ಓಟದಲ್ಲಿ ಹೀಗೆ ಮಾಡಿದರೆ ಹಾಸನ ಜಿಲ್ಲೆಯ ಯಾವ ಊರಿನಲ್ಲೂ ತಲೆ ಒಡೆಯದೆ ಉಳಿಯಲಾರದು. ಸಾಲದ ಕಂತನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟವನ ಮುಂದೆ ಈ ನಿಯಮವನ್ನು ಹೊಗಳುವುದು ಮೇಷ್ಟ್ರಿಗೂ ಕಷ್ಟವಾಯಿತು.

‘ಸರಿ, ನಮ್ಮ ಕಡೆಯವರು ಯಾರಾದರೂ ಆ ಮಟ್ಟ ಮುಟ್ಟಿದ್ದಾರೆಯೇ?’

ಮುಟ್ಟಿದ್ದರು. ಆರನೆಯ ತಲೆಮಾರು ಭಾರತದಿಂದ ಆಗಲೇ ಮರೆಯಾಗಿತ್ತು. 2020ರ ಹೊಗೆಯ ನಿಯಮಗಳೊಡನೆ ಅದರ ಮಾರಾಟ ನಿಂತಿತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಕಂಪನಿ ಇಲ್ಲಿನ ಕಾರು ತಯಾರಿಕೆಯನ್ನೇ ಮುಗಿಸುವುದಾಗಿ ಸಾರಿತು. 2022ರಲ್ಲಿ ಏಳನೆಯ ತಲೆಮಾರು ಹುಟ್ಟಿತು. ಅದರಿಂದ ಜಿಟಿ3 ಎಂಬ ಪಂದ್ಯದ ಕಾರಾಯಿತು. 2024ರ ಲ ಮಾನ್ ಓಟದಲ್ಲಿ ಅದು ತನ್ನ ವರ್ಗದಲ್ಲಿ ಮೂರನೆಯದಾಗಿ ಬಂತು. ಆ ಪಂದ್ಯದ ಕಾರಿನಿಂದಲೇ ಮತ್ತೆ ಜಿಟಿಡಿ ಎಂಬ ರಸ್ತೆಯ ಕಾರನ್ನು ಮಾಡಿದರು. ಮಗನಿಂದ ತಂದೆ ಹುಟ್ಟಿದಂತೆ! ಆ ಜಿಟಿ3 ಮಸ್ಟಾಂಗನ್ನು 2025ರಲ್ಲಿ ಜರ್ಮನಿಯ ಡಿಟಿಎಂ ಪಂದ್ಯಮಾಲೆಯಲ್ಲಿ ಹೌಪ್ಟ್ ರೇಸಿಂಗ್ ತಂಡದ ಪರವಾಗಿ ಓಡಿಸಿದವರಲ್ಲಿ ಒಬ್ಬರು ಬೆಂಗಳೂರಿನ ಅರ್ಜುನ್ ಮೈನಿ.

‘ಆದರೆ ಓಡಿಸುವುದಕ್ಕೆ ಎಂಟು ಹತ್ತು ವರ್ಷದ ಹುಡುಗನಾಗಿದ್ದಾಗಲೇ ಶುರುಮಾಡಬೇಕು ತಾತ, ಹಣವೂ ಬೇಕು. ನನ್ನ ಆಸೆ ಅದಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ್‍ಯಾಲಿ ನಡೆದಾಗ ಹೋಗಿದ್ದೆನಲ್ಲ, ಎಲ್ಲರೂ ಕಾರು ಹಾರುವ ತಿರುವಿನಲ್ಲಿ ನಿಂತಿದ್ದರು. ನಾನು ಬಿಚ್ಚಿ ಕಟ್ಟುವ ಡೇರೆಯ ಹತ್ತಿರ ನಿಂತಿದ್ದೆ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಕಟ್ಟುವವರು ಇದ್ದಾರೆ. ಇಲ್ಲಿ ಕುಳಿತು ಈ ಕೆಲಸ ಕೈಗೆ ಹತ್ತುವುದಿಲ್ಲ.’

‘ಒಂದು ವರ್ಷವಾದ ಮೇಲೆ?’

‘ಇಟ್ಟುಕೊಂಡರೆ ಸಂಬಳ. ಇಟ್ಟುಕೊಳ್ಳದಿದ್ದರೆ ಬೆಂಗಳೂರು.’

‘ಬೆಂಗಳೂರಿನವರು ಒಂದು ವರ್ಷ ಕಾಯುತ್ತಾರೆಯೇ?’

‘ಇಲ್ಲ ತಾತ.’

ಆ ಉತ್ತರದಲ್ಲಿ ಸುಳ್ಳಿನ ಲೇಪವಿರಲಿಲ್ಲ. ಮೇಷ್ಟ್ರಿಗೆ ಹಿಡಿಸಿದ್ದೂ ಅದೇ, ಹೆದರಿಸಿದ್ದೂ ಅದೇ. ಹನ್ನೆರಡರಲ್ಲಿ ಒಂಬತ್ತು ಕಳೆದರೆ ಮೂರು. ಮೂರು ಸಾವಿರದಲ್ಲಿ ಕೊಯಮತ್ತೂರಿನಲ್ಲಿ ಬಾಡಿಗೆ ಕೊಟ್ಟು ಎರಡು ಹೊತ್ತು ಉಣ್ಣುವುದು ಯಾವ ಛಂದಸ್ಸಿಗೂ ಹೊಂದದು. ಹಾಳೆಯ ಉಳಿದ ಮೂಲೆಯಲ್ಲಿ ಅವರು ಬೇರೆ ಒಂದು ಲೆಕ್ಕ ಬರೆದರು: ತಮ್ಮ ಪಿಂಚಣಿ, ಮನೆಯ ದಿನಸಿ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ, ಎರಡು ವರ್ಷಗಳಿಂದ ಮುಂದೂಡುತ್ತ ಬಂದ ತಮ್ಮ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಕೊನೆಯದನ್ನು ಒಂದು ಗೀರೆಳೆದು ಹೊಡೆದುಹಾಕಿದರು. ಹುಡುಗ ಅದನ್ನು ಕಂಡ.

‘ಅದು ಬೇಡ ತಾತ.’

‘ಒಂದು ಕಣ್ಣು ಚೆನ್ನಾಗಿದೆಯಲ್ಲ. ಎರಡು ಎಡ ಒಟ್ಟಿಗೆ ಬಿದ್ದದ್ದು ಆ ಕಣ್ಣಿಗೇ ಕಂಡದ್ದು’ ಎಂದು ಮೇಷ್ಟ್ರು ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡರು.

ಬೆಳಗ್ಗೆ, ಮಗ ತೋಟಕ್ಕೆ ಹೋದದ್ದನ್ನು ನೋಡಿಕೊಂಡು, ಅವರು ಪಾಸ್‌ಪುಸ್ತಕ ತೆಗೆದುಕೊಂಡು ಹಳೇಬೀಡಿನ ಬಸ್ಸಿಗೆ ನಿಂತರು. ಆರು ತಿಂಗಳ ಕಂತನ್ನು ಒಟ್ಟಿಗೆ ಕಟ್ಟಬಹುದೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬೇಕಿತ್ತು. ಮಗನಿಗೆ ಏನು ಹೇಳುವುದೆಂದು ಬಸ್ಸು ಬಂದಾಗಲೂ ತೋಚಿರಲಿಲ್ಲ.